ಅರ್ಧ ಗಂಡು, ಅರ್ಧ ಹೆಣ್ಣು

ವಿದ್ಯಾರ್ಥಿಗಳೇ, ನಮ್ಮ ನೌಪಾಡಾದ ಸಮೀಪದ ಮಾಸುಂದಾ ಕೆರೆಯ ದಂಡೆಯಲ್ಲಿ ಮಳೆಗಾಲ ಕಳೆಯುವ ಹೊತ್ತಿಗೆ ಏರೋಪ್ಲೇನ್ ಚಿಟ್ಟೆಗಳು ಹಾರುವುದನ್ನು ನೀವು ನೋಡಿರಬಹುದು. ಹೆಸರಿನಲ್ಲಿ ಚಿಟ್ಟೆಯಿದ್ದರೂ ಇವು ನಿಜವಾದ ಚಿಟ್ಟೆಗಳಲ್ಲ. ಇವುಗಳಲ್ಲಿ ಕ್ರೋಕೋಥೆಮಿಸ್ ಸರ್ವಿಲಿಯಾ ಎಂಬ ಜಾತಿಯು ಭಾರತದಲ್ಲೆಲ್ಲ ಸಾಮಾನ್ಯ. ಅದರ ಬಲಿತ ಗಂಡು ರಕ್ತಗೆಂಪು, ಹೆಣ್ಣು ಹಳದಿ.

ಕೇರಳದ ತ್ರಿಶೂರಿನ ಕೋಲ್ ಜೌಗು ಗದ್ದೆಗಳಲ್ಲಿ ಈ ಜಾತಿಯ ಒಂದು ಕೀಟ ಕಂಡುಬಂದ ವರದಿಯು 2020ರಲ್ಲಿ ಪ್ರಕಟವಾಯಿತು. ಅದರ ಮೈ ಒಂದು ಪಕ್ಕದಲ್ಲಿ ಕೆಂಪು, ಇನ್ನೊಂದು ಪಕ್ಕದಲ್ಲಿ ಹಳದಿ! ಎಳೆಯ ಗಂಡೂ ಹಳದಿಯಾಗಿಯೇ ಇದ್ದು ಬಲಿತಂತೆ ಕೆಂಪಾಗುವುದುಂಟು. ಆದರೆ ಆ ಕೆಂಪು ಎರಡು ಪಕ್ಕಗಳಿಗೂ ಸಮನಾಗಿ ಏರುತ್ತದೆ. ಇಲ್ಲಿಯಾದರೋ ಒಂದೇ ದೇಹದಲ್ಲಿ ಗಂಡೂ ಹೆಣ್ಣೂ ಕೂಡಿದ್ದವು. ಬಾದಾಮಿಯ ಮೊದಲನೆಯ ಗುಹೆಯಲ್ಲಿಯೂ ಮುಂಬಯಿಯ ಬಳಿಯ ಘಾರಾಪುರಿಯಲ್ಲಿಯೂ ಇರುವ ಅರ್ಧನಾರೀಶ್ವರನ ಶಿಲ್ಪವನ್ನು ಕಂಡವರಿಗೆ ಇದರ ರೂಪ ಸುಲಭವಾಗಿ ಮನಸ್ಸಿಗೆ ಬರುವುದು. ಇಂತಹ ಜೀವಿಗೆ ಗೈನ್ಯಾಂಡ್ರೋಮಾರ್ಫ್ ಎಂದು ಹೆಸರು. ಹೆಣ್ಣು, ಗಂಡು, ರೂಪ ಎಂಬ ಅರ್ಥದ ಮೂರು ಗ್ರೀಕ್ ಪದಗಳಿಂದ ಈ ಹೆಸರಾಗಿದೆ.

ಎರೆಹುಳುವಿನಲ್ಲಿಯೂ ಎರಡು ಲಿಂಗಗಳ ಅಂಗಗಳಿವೆಯಲ್ಲ ಎಂದು ನೀವು ಕೇಳಬಹುದು. ಅದು ಆ ಜಾತಿಯ ಸಹಜ ಸ್ಥಿತಿ. ಪ್ರತಿಯೊಂದು ಎರೆಹುಳುವೂ ಹಾಗೆಯೇ. ಇದು ಹಾಗಲ್ಲ, ಬಹು ಅಪೂರ್ವವಾಗಿ ಸಂಭವಿಸುವ ಒಂದು ಆಕಸ್ಮಿಕ.

ಇದಕ್ಕೆ ಕಾರಣವೇನು? ಬಾಳೆಹಣ್ಣಿಗೆ ಮುತ್ತುವ ಸಣ್ಣ ಹಣ್ಣುನೊಣಗಳಲ್ಲಿ ಈ ವಿಷಯವನ್ನು ಪರೀಕ್ಷಿಸಿ, ಅಮೇರಿಕದ ಮಾರ್ಗನ್ ಮತ್ತು ಬ್ರಿಜಸ್ ಎಂಬ ವಿಜ್ಞಾನಿಗಳು 1919ರಲ್ಲಿ ವಿವರಣೆಯನ್ನು ಪ್ರಕಟಿಸಿದರು. ಈ ನೊಣದ ಜೀವಕೋಶದಲ್ಲಿ ಎಕ್ಸ್ ವರ್ಣತಂತು ಎರಡಿದ್ದರೆ ಹೆಣ್ಣು, ಒಂದೇ ಇದ್ದರೆ ಗಂಡು. ಹೆಣ್ಣಾಗಬೇಕಾದ ಭ್ರೂಣದ ಮೊದಲನೆಯ ವಿಭಜನೆಯಲ್ಲಿಯೇ ಒಂದು ಪಾಲಿನಿಂದ ಒಂದು ಎಕ್ಸ್ ಕಳೆದುಹೋದರೆ, ಆ ಪಾಲಿನಿಂದ ಬೆಳೆದ ಅರ್ಧ ದೇಹವು ಗಂಡಾಗುತ್ತದೆ. ತಡವಾಗಿ ಕಳೆದರೆ ಗಂಡಿನ ಭಾಗವೂ ಚಿಕ್ಕದು. ನಮ್ಮ ನಾಡಿಗೆ ರೇಷ್ಮೆ ಕೊಡುವ ಹುಳುವಿನಲ್ಲಿ ಬೇರೊಂದು ದಾರಿಯುಂಟು: ಒಮ್ಮೊಮ್ಮೆ ಒಂದೇ ಮೊಟ್ಟೆಯಲ್ಲಿ ಎರಡು ಕೋಶಕೇಂದ್ರಗಳಿದ್ದು, ಎರಡೂ ಬೇರೆ ಬೇರೆಯಾಗಿ ಫಲಿತವಾಗುತ್ತವೆ.

ಮನುಷ್ಯನ ದೇಹದಲ್ಲಿ ರಕ್ತದೊಡನೆ ಹರಿಯುವ ರಸಗಳು ಗಂಡು ಹೆಣ್ಣಿನ ಲಕ್ಷಣಗಳನ್ನು ದೇಹದಲ್ಲೆಲ್ಲ ರೂಪಿಸುತ್ತವೆ. ಕೀಟದಲ್ಲಿ ಬಹುಮಟ್ಟಿಗೆ ಪ್ರತಿಯೊಂದು ಕೋಶವೂ ತನ್ನ ಲಿಂಗವನ್ನು ತಾನೇ ನಿರ್ಧರಿಸಿಕೊಳ್ಳುತ್ತದೆ. ಆದುದರಿಂದಲೇ ಅಷ್ಟು ನೇರವಾದ ಗೆರೆ!

ಈ ಸಂಗತಿಯನ್ನು ತರಗತಿಯಲ್ಲಿ ಹೇಳಿದಾಗ ಹಿಂದಿನ ಸಾಲಿನವರು ಕೆಲವರು ನಕ್ಕರು. ಆ ನಗುವೇ ನನ್ನಿಂದ ಈ ಲೇಖನವನ್ನು ಬರೆಯಿಸಿತು. ಆ ಕೀಟವು ತಪ್ಪನ್ನೇನೂ ಮಾಡಿಲ್ಲ. ಅದು ಅಪಶಕುನವೂ ಅಲ್ಲ. ನಮ್ಮೆಲ್ಲರಂತೆಯೇ ಅದೂ ಒಂದು ಕೋಶದಿಂದ ಬೆಳೆದುಬಂದ ಜೀವಿ. ಹುಳುವಾಗಲಿ ಮನುಷ್ಯನಾಗಲಿ, ನಮಗೆ ಅಭ್ಯಾಸವಿಲ್ಲದ ರೂಪವನ್ನು ಕಂಡಾಗ ನಗುವುದಕ್ಕೆ ಮೊದಲು ನೋಡುವುದನ್ನು ಕಲಿಯಬೇಕು.

ಕೆರೆಯ ಬಳಿ ಅಂತಹ ಕೀಟ ಕಂಡರೆ ಹಿಡಿಯಬೇಡಿರಿ. ಎಡಗಡೆ ಯಾವ ಬಣ್ಣ, ಬಲಗಡೆ ಯಾವ ಬಣ್ಣ, ಯಾವ ದಿನ, ಯಾವ ಸ್ಥಳ ಎಂಬುದನ್ನು ಬರೆದಿಟ್ಟುಕೊಂಡು ನನಗೆ ತಂದು ತೋರಿಸಿರಿ.