ಅಕ್ಕಿ ಆಯ್ದಾಯ್ತಾ?

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ನಾಲ್ಕು ಜನರ ತಂಡ ಒಂದು ಮಿನಿ ಪ್ರಾಜೆಕ್ಟ್ ಕೈಗೆತ್ತಿಕೊಂಡಿತ್ತು. ಕಸದ ರಾಶಿಯಲ್ಲಿ ಪ್ಲಾಸ್ಟಿಕ್ ಯಾವುದು, ರಟ್ಟು ಯಾವುದು, ಗಾಜು ಯಾವುದು ಅಂತ ಕ್ಯಾಮೆರಾ ನೋಡಿ ಹೇಳಬೇಕು, ಅಷ್ಟೇ. ಕೋಡ್ ಬರೆಯೋ ಮುಂಚೆ, ಈ ಕೆಲಸವನ್ನು ಈಗ ಬರಿಗೈಯಲ್ಲಿ ಮಾಡ್ತಿರುವವರನ್ನು ಮಾತಾಡಿಸಿಕೊಂಡು ಬನ್ನಿ ಅಂದರು ಗೈಡ್. ಸರಿ ಅಂತ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆಪಟ್ಟಿ ಮಾಡಿ ಕನ್ನಡಕ್ಕೆ ತಂದೆವು. ತಂದವನು ನಾನೇ, ಕನ್ನಡ ಸಂಘದವನು ಅನ್ನೋ ಒಂದೇ ಅರ್ಹತೆಯ ಮೇಲೆ. ಮೊದಲ ಪ್ರಶ್ನೆ ಹೀಗಿತ್ತು: "ನೀವು ತ್ಯಾಜ್ಯವನ್ನು ಸಂಗ್ರಹಿಸುತ್ತೀರಾ?" ಇಲ್ಲ ಅಂದರೆ ಫಾರ್ಮ್ ಅಲ್ಲಿಗೇ ಮುಗಿಯುವ ಹಾಗೆ ಮಾಡಿದ್ದೆವು.

ಗುಜರಿ ಅಂಗಡಿಯ ಮುಂದೆ ಹನ್ನೊಂದು ಜನರನ್ನು ಕೇಳಿದೆವು. ಒಂಬತ್ತು ಜನ "ಇಲ್ಲ" ಅಂದುಬಿಟ್ಟರು. ಹೆಗಲ ಮೇಲೆ ಬಾಟಲಿ ತುಂಬಿದ ಚೀಲ ಹೊತ್ತುಕೊಂಡೇ ಇಲ್ಲ ಅಂದರು! ಕೊನೆಗೆ ಒಬ್ಬ ಅಜ್ಜಿಯನ್ನು, "ಮತ್ತೆ ಇದೇನಜ್ಜಿ?" ಅಂತ ಕೇಳಿದೆ. "ಕಸ ಎತ್ತೋರು ಗಾಡಿಯೋರಪ್ಪ. ನಾವು ಆಯ್ಕೊಳ್ಳೋರು" ಅಂದಳು.

ಫಾರ್ಮಿನಲ್ಲಿ ಒಂದು ಕ್ರಿಯಾಪದ ತಪ್ಪಿತ್ತು, ನಮ್ಮ ಒಂದು ಭಾನುವಾರ ಹೋಯ್ತು. ಅವತ್ತು ರಾತ್ರಿಯಿಂದ ಈ "ಆಯು" ನನ್ನ ತಲೆಯಲ್ಲಿ ಕೂತಿದೆ. ಈ ಸಲದ ಪದಪಾಠ ಅದರದ್ದೇ.

ಮೊದಲು ರೂಪ ನೋಡೋಣ. ಹಳಗನ್ನಡದಲ್ಲಿ ಧಾತು "ಆಯ್". ಹೊಸಗನ್ನಡದಲ್ಲಿ ಕೊನೆಗೆ ಉಕಾರ ಸೇರಿ "ಆಯು" ಆಯಿತು. ಕಾಯು, ಮೇಯು, ಹಾಯು ಇದರ ಓರಗೆಯವು: ಕಾಯ್ದು, ಮೇಯ್ದು, ಹಾಯ್ದು, ಹಾಗೇ ಆಯ್ದು. ಮುಂದಿನ ಸ್ವರ ಗಿಡ್ಡ ಇದ್ದರೆ ಯಕಾರ ಇಮ್ಮಡಿಯಾಗುತ್ತೆ (ಕೊಯ್ಯು, ಹೊಯ್ಯು, ಬಯ್ಯು), ಉದ್ದ ಇದ್ದರೆ ಆಗಲ್ಲ. ಹಾಗಾಗಿ "ಆಯ್ಯು" ಅಂತ ಯಾರೂ ಬರೆಯಬೇಡಿ. ಆಯವ್ಯಯದ "ಆಯ", ಚುನಾವಣಾ ಆಯೋಗದ "ಆಯೋಗ", ಜಾತಕದ "ಆಯುಸ್ಸು" ಇವೆಲ್ಲ ಸಂಸ್ಕೃತದಿಂದ ಬಂದವು, ಇದಕ್ಕೆ ನೆಂಟರಲ್ಲ.

ಗೊಂದಲ ಮಾಡೋದು "ಆಗು" ಮಾತ್ರ. "ಆಯ್ತು" ಅಂದರೆ ಆಯಿತು, ಮುಗಿಯಿತು. "ಆಯ್ತಾಳೆ" ಅಂದರೆ ಆಯುತ್ತಾಳೆ. ಎರಡೂ ಒಂದೇ ವಾಕ್ಯದಲ್ಲಿ ಬಂದರೆ ಮಜವಾಗಿರುತ್ತೆ. ನಮ್ಮ ಅಡುಗೆಮನೆಯಲ್ಲಿ ದಿನಾ ಬೆಳಿಗ್ಗೆ ಕೇಳುತ್ತಿದ್ದ ಮಾತು: "ಅಕ್ಕಿ ಆಯ್ದಾಯ್ತಾ?" ಕನ್ನಡ ಕಲೀತಿರೋ ನನ್ನ ಒಡಿಶಾದ ರೂಮ್‌ಮೇಟ್‌ಗೆ ಇದನ್ನು ಬಿಡಿಸಿ ಹೇಳೋಕೆ ಅರ್ಧ ಗಂಟೆ ಹಿಡಿಯಿತು.

ಈಗ ಅರ್ಥ. ನಿಘಂಟು ತೆಗೆದರೆ "ಹೆಕ್ಕು, ಆರಿಸು, ಒಟ್ಟುಗೂಡಿಸು" ಅಂತ ಇರುತ್ತೆ. ತಪ್ಪಲ್ಲ, ಆದರೆ ಸಾಲದು. ಒಟ್ಟುಗೂಡಿಸೋಕೆ ನಮ್ಮಲ್ಲಿ ಬೇರೆ ಬೇರೆ ಕ್ರಿಯಾಪದಗಳು ಬೇಕಾದಷ್ಟಿವೆ. ಸೌದೆ ಒಟ್ಟುತ್ತೀವಿ, ಸಗಣಿ ಬಾಚುತ್ತೀವಿ, ಹತ್ತಿ ಬಿಡಿಸುತ್ತೀವಿ, ಚಂದಾ ಎತ್ತುತ್ತೀವಿ, ಮಳೆನೀರು ಹಿಡಿಯುತ್ತೀವಿ, ಮಾಹಿತಿ ಕಲೆಹಾಕುತ್ತೀವಿ. (ಕೂಡಿಡು ಅಂದರೆ ಉಳಿತಾಯ, ಕೂಡಿಹಾಕು ಅಂದರೆ ಬಂಧನ. ಬ್ಯಾಂಕಿನ ಫಾರ್ಮ್ ಅನುವಾದ ಮಾಡುವಾಗ ಹುಷಾರು.) ಇವುಗಳಲ್ಲಿ ಯಾವುದರಲ್ಲೂ ಬೇಕಾದ್ದು, ಬೇಡವಾದ್ದು ಅನ್ನೋ ವಿಚಾರ ಮುಖ್ಯವಲ್ಲ. ಬಾಚುವವನು ಇದ್ದದ್ದನ್ನೆಲ್ಲ ಬಾಚುತ್ತಾನೆ. ಆಯುವವಳು ಹಾಗಲ್ಲ. ಒಂದೊಂದನ್ನೂ ಕಣ್ಣು ನೋಡಬೇಕು, ಬೇಕೋ ಬೇಡವೋ ಅಂತ ಮನಸ್ಸು ಹೇಳಬೇಕು, ಆಮೇಲೆ ಬೆರಳು ಹೋಗಬೇಕು. ಒಟ್ಟುಮಾಡುವ ಅರ್ಥದ ಪದವೇ ತೀರ್ಮಾನಿಸುವ ಅರ್ಥವನ್ನೂ ಹೊತ್ತಿರುವುದು ಇದಕ್ಕೇ. "ಆಯ್ಕೆ" ಹುಟ್ಟಿದ್ದು ಇಲ್ಲಿಂದ: ಕಲಿ, ಕಲಿಕೆ, ಆಯ್, ಆಯ್ಕೆ. ತಮಿಳಿನಲ್ಲೂ ಇದೇ ಧಾತು ಇದೆ. ಅಲ್ಲಿ ಅದು ಹುಡುಕು, ಪರೀಕ್ಷಿಸು ಅನ್ನೋ ಕಡೆಗೆ ವಾಲಿತು, ಸಂಶೋಧನೆಗೆ ಅವರು "ಆಯ್ವು" ಅಂತಾರೆ. ಹೊಟ್ಟೆಕಿಚ್ಚಾಗುವಷ್ಟು ಚಂದದ ಪದ.

ಇದು ಗಟ್ಟಿಯಾಗಿ ಅರ್ಥವಾಗಬೇಕಾದರೆ ಅಡುಗೆಮನೆಗೇ ಹೋಗಬೇಕು. ಕಾಳು ಶುದ್ಧ ಮಾಡೋದಕ್ಕೆ ಕನ್ನಡದಲ್ಲಿ ಒಂದು ಸಾಲು ಕ್ರಿಯಾಪದಗಳಿವೆ, ಒಂದೊಂದರ ಹಿಂದೆಯೂ ಒಂದೊಂದು ಭೌತಶಾಸ್ತ್ರ. ಕಣದಲ್ಲಿ ಎತ್ತರದಿಂದ ಸುರಿದು ಗಾಳಿಗೆ ಹೊಟ್ಟು ಹಾರಿಸಿದರೆ ಅದು ತೂರುವುದು. ಮೊರದಲ್ಲಿ ಕುಟ್ಟಿ ಕುಟ್ಟಿ ಹಗುರವಾದ್ದನ್ನು ಮುಂದಕ್ಕೆ ಚಿಮ್ಮಿಸಿದರೆ ಕೇರುವುದು. ಗಾತ್ರದಲ್ಲಿ ಬೇರೆ ಮಾಡಿದರೆ ಜರಡಿ ಹಿಡಿಯುವುದು. ನೀರಿನಲ್ಲಿ ತಿರುವಿ ಕಲ್ಲನ್ನು ತಳಕ್ಕೆ ಇಳಿಸಿದರೆ ಗಾಳಿಸುವುದು, ಅಂದರೆ ಸಾಂದ್ರತೆಯ ಲೆಕ್ಕ. ಇಷ್ಟೆಲ್ಲ ಆದಮೇಲೂ ಅಕ್ಕಿಯಷ್ಟೇ ಗಾತ್ರದ, ಅಕ್ಕಿಯದೇ ಬಣ್ಣದ ಒಂದು ಕಲ್ಲೋ, ಒಂದು ಭತ್ತವೋ ಉಳಿದೇ ಉಳಿಯುತ್ತೆ. ಗಾಳಿ, ನೀರು, ಜರಡಿ ಎಲ್ಲ ಸೋತ ಜಾಗದಲ್ಲಿ ಶುರುವಾಗೋದು ಆಯುವುದು. ಅದಕ್ಕೆ ಸೂತ್ರ ಇಲ್ಲ. ಬೆಳಕಿರುವ ಕಡೆ ಕಾಲು ಚಾಚಿ ಕೂತು ಮೊರ ನೋಡಬೇಕು.

ಈಗಿನವರಿಗೆ ಇದು ಗೊತ್ತಿಲ್ಲದಿದ್ದರೆ ಅವರ ತಪ್ಪೇನಿಲ್ಲ. ಅಕ್ಕಿ ಮೂಟೆಯ ಮೇಲೆ "ಸಾರ್ಟೆಕ್ಸ್" ಅಂತ ಇರುತ್ತಲ್ಲ, ಅದು ಬಣ್ಣ ನೋಡಿ ಕಾಳು ಬೇರ್ಪಡಿಸುವ ಯಂತ್ರದ ಬ್ರ್ಯಾಂಡ್ ಹೆಸರು. ಅಕ್ಕಿ ತೆಳುವಾಗಿ ಜಾರಿ ಬೀಳುವಾಗ ಕ್ಯಾಮೆರಾ ನೋಡುತ್ತೆ, ಬಣ್ಣಗೆಟ್ಟ ಕಾಳಿಗೆ ಗಾಳಿಯ ಒಂದು ಹೊಡೆತ ಬಿದ್ದು ಅದು ಪಕ್ಕಕ್ಕೆ ಹಾರುತ್ತೆ. ತೂರುವ, ಕೇರುವ ಯಂತ್ರಗಳು ಎಂದೋ ಬಂದಿದ್ದವು. ಆಯುವ ಯಂತ್ರಕ್ಕೆ ಮಾತ್ರ ಕಣ್ಣು ಬರುವವರೆಗೂ ಕಾಯಬೇಕಾಯ್ತು. ಪೈಥಾನ್ ಕಲಿಯೋ ಜೂನಿಯರ್‌ಗಳಿಗೆ ಒಂದು ಮಾತು: ಲಿಸ್ಟಿಗೆ ಅಪೆಂಡ್ ಮಾಡೋದು ಸೇರಿಸುವುದು, ಷರತ್ತು ಹಾಕಿ ಫಿಲ್ಟರ್ ಮಾಡೋದು ಆಯುವುದು.

ಇನ್ನೊಂದು ಸೂಕ್ಷ್ಮ ಇದೆ. "ಅಕ್ಕಿ ಆಯು" ಅಂದಾಗ ಬೆರಳು ಎತ್ತೋದು ಅಕ್ಕಿಯನ್ನಲ್ಲ, ಕಲ್ಲನ್ನು. "ಕಲ್ಲು ಆಯು" ಅಂದರೂ ಅದೇ ಕೆಲಸ. "ಚಿಂದಿ ಆಯು" ಅಂದಾಗ ಮಾತ್ರ ಎತ್ತಿದ್ದೇ ಇಟ್ಟುಕೊಳ್ಳುವ ವಸ್ತು. ಅಂದರೆ ಈ ಕ್ರಿಯಾಪದದ ಕರ್ಮ ಇಟ್ಟುಕೊಂಡದ್ದೂ ಆಗಬಹುದು, ಎಸೆದದ್ದೂ ಆಗಬಹುದು. ಕ್ರಿಯೆಯ ತಿರುಳು ಬೇರ್ಪಡಿಸೋದರಲ್ಲಿದೆ, ಯಾವ ಗುಂಪು ಚೀಲಕ್ಕೆ ಹೋಗುತ್ತೆ ಅನ್ನೋದು ಸಂದರ್ಭಕ್ಕೆ ಬಿಟ್ಟದ್ದು. "ಕೊಳ್ಳು" ಸೇರಿಸಿ "ಆಯ್ದುಕೊ" ಅಂದರೆ ಅನುಮಾನ ಹೋಯ್ತು, ತನಗಾಗಿ ತಗೊಂಡದ್ದು ಅಂತ. ಅಜ್ಜಿ "ಆಯ್ಕೊಳ್ಳೋರು" ಅಂದಿದ್ದು ವ್ಯಾಕರಣದ ಲೆಕ್ಕದಲ್ಲೂ ನೂರಕ್ಕೆ ನೂರು ಸರಿ.

ಇನ್ನು, ಸಾಮಾನ್ಯವಾಗಿ ಆಯುವುದು ಬಿದ್ದದ್ದನ್ನು, ಹರಡಿದ್ದನ್ನು. ಗಿಡದಲ್ಲಿರುವ ಹೂವನ್ನು ಕೀಳುತ್ತೀವಿ, ಕೊಯ್ಯುತ್ತೀವಿ, ಬಿಡಿಸುತ್ತೀವಿ. ಬೆಳಿಗ್ಗೆ ಮರದ ಕೆಳಗೆ ಉದುರಿದ ಪಾರಿಜಾತವನ್ನು ಮಾತ್ರ ಆಯುತ್ತೀವಿ. ಕರಾವಳಿ ಮಲೆನಾಡಿನ ಕಡೆ ಈ ಜಾಗದಲ್ಲಿ "ಹೆಕ್ಕು", ಕೆಲವೆಡೆ "ಹೆರ್ಕು": ಗೊನೆ ಕೊಯ್ಯುತ್ತಾರೆ, ಉದುರಿದ ಅಡಿಕೆ ಹೆಕ್ಕುತ್ತಾರೆ. ಉತ್ತರ ಕರ್ನಾಟಕದವರು "ಆರಸು" ಅನ್ನೋದೇ ಹೆಚ್ಚು. ಈ "ಆರಿಸು" ಜತೆ ಸ್ವಲ್ಪ ಜಾಗ್ರತೆ ಬೇಕು. ದೀಪ ಆರಿಸು, ಬಟ್ಟೆ ಆರಿಸು, ಅಕ್ಕಿ ಆರಿಸು, ಶಾಸಕನನ್ನು ಆರಿಸು, ನಾಲ್ಕಕ್ಕೂ ನಾಲ್ಕು ಅರ್ಥ.

ಕೊಯ್ಲಾದ ಹೊಲದಲ್ಲಿ ಉಳಿದ ತೆನೆ, ಕಾಳಿಗೆ "ಹಕ್ಕಲು" ಅಂತ ಹೆಸರು. ಅದನ್ನು ಎತ್ತಿಕೊಳ್ಳೋದು ಹಕ್ಕಲಾಯುವುದು. ಹೊಲ ಒಬ್ಬರದು, ಕೊಯ್ಲು ಒಬ್ಬರದು, ಹಕ್ಕಲು ಇಲ್ಲದವರದು. ಈ ಪದ ಈಗ ನಮ್ಮ ಬಾಯಲ್ಲಿ ಇಲ್ಲ. ಹಾರ್ವೆಸ್ಟರ್ ಬಂದಮೇಲೆ ಹೊಲದಲ್ಲೂ ಕಡಿಮೆಯೇ.

ಈ ಕ್ರಿಯಾಪದವನ್ನೇ ಹೆಸರಾಗಿ ಹೊತ್ತವರು ನಮ್ಮಲ್ಲಿದ್ದಾರೆ: 12ನೇ ಶತಮಾನದ ಆಯ್ದಕ್ಕಿ ಮಾರಯ್ಯ ಮತ್ತು ಆಯ್ದಕ್ಕಿ ಲಕ್ಕಮ್ಮ. ಆಯ್ದ ಪ್ಲಸ್ ಅಕ್ಕಿ, ಲೋಪಸಂಧಿ. ಪರೀಕ್ಷೆಗೆ ಸಂಧಿ ಬಿಡಿಸಿ ಅಂಕ ತಗೊಂಡವರು ಹೆಚ್ಚು, ಅಲ್ಲಿರೋ ಕೆಲಸ ಯಾವುದು ಅಂತ ನೋಡಿದವರು ಕಡಿಮೆ. ಈಗಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಯ ಕಾಯಕ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಅಂತ ಪರಂಪರೆ ಹೇಳುತ್ತೆ. ಗಮನಿಸಿ, ಇದು ಅಡುಗೆಮನೆಯ ಆಯುವಿಕೆಗೆ ತದ್ವಿರುದ್ಧ. ಅಲ್ಲಿ ಅಕ್ಕಿಯಿಂದ ಕಲ್ಲು, ಇಲ್ಲಿ ಮಣ್ಣಿನಿಂದ ಅಕ್ಕಿ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ, ಲಕ್ಕಮ್ಮ ಹೆಚ್ಚಾದದ್ದನ್ನು ವಾಪಸ್ ಅಲ್ಲೇ ಸುರಿದು ಬಾ ಅಂದಳು ಅನ್ನೋ ಕಥೆ ಎಲ್ಲರಿಗೂ ಗೊತ್ತು. ಸಾಮಾನ್ಯವಾಗಿ ಇದನ್ನು ಆಸೆಯ ಬಗ್ಗೆ ಪಾಠ ಅಂತ ಹೇಳ್ತಾರೆ. ನನಗೆ ಇದು ಕ್ರಿಯಾಪದದ ಬಗ್ಗೆ ಜಗಳದ ಹಾಗೂ ಕಾಣುತ್ತೆ. ಅವತ್ತು ಮಾರಯ್ಯ ಆಯ್ದಿರಲಿಲ್ಲ, ಬಾಚಿದ್ದ. ಬೇಕು ಬೇಡ ನೋಡೋ ಕಣ್ಣು ಮನೆಯಲ್ಲಿ ಕೂತಿದ್ದ ಲಕ್ಕಮ್ಮನದಾಗಿತ್ತು.

"ಸಂಗ್ರಹಿಸು" ಕೆಟ್ಟ ಪದ ಅಂತಲ್ಲ. ತೆರಿಗೆ, ರಕ್ತ, ದತ್ತಾಂಶ, ಕಸ ಎಲ್ಲಕ್ಕೂ ಅದೊಂದನ್ನೇ ತೊಡಿಸಿದಾಗ ಮಾಡೋ ಕೆಲಸದ ಗುರುತೇ ಅಳಿಸಿಹೋಗುತ್ತೆ. ಗಾಡಿಯವರು ಕಸವನ್ನೆಲ್ಲ ತುಂಬಿಕೊಂಡು ಹೋಗ್ತಾರೆ, ಅದು ಅವರ ಕೆಲಸ. ಆಯುವವಳು ಅದೇ ರಾಶಿಯಲ್ಲಿ ಯಾವ ಬಾಟಲಿಗೆ ಬೆಲೆ ಇದೆ, ಯಾವ ಕವರಿಗೆ ಇಲ್ಲ ಅಂತ ಮುಟ್ಟಿಯೇ ಹೇಳ್ತಾಳೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕೂಡ ತ್ಯಾಜ್ಯ ಆಯುವವರು ಯಾರು ಅಂತ ಪ್ರತ್ಯೇಕವಾಗಿ ವ್ಯಾಖ್ಯಾನ ಕೊಟ್ಟಿದ್ದವು. ಕಾನೂನಿಗೆ ಗೊತ್ತಿದ್ದ ವ್ಯತ್ಯಾಸ ನನ್ನ ಅನುವಾದಕ್ಕೆ ಗೊತ್ತಿರಲಿಲ್ಲ.

ಮುಂದಿನ ಭಾನುವಾರ ಫಾರ್ಮ್ ತಿದ್ದಿಕೊಂಡು ಮತ್ತೆ ಹೋದೆವು. ಮೊದಲ ಪ್ರಶ್ನೆ: "ನೀವು ಏನೇನು ಆಯ್ತೀರಿ?" ಅಜ್ಜಿ ಚೀಲ ಕೆಳಗಿಟ್ಟು ಕೂತಳು. ನಾವು ಫಾರ್ಮಿನಲ್ಲಿ ಕೊಟ್ಟಿದ್ದು ಆರು ಖಾನೆ. ಅವಳು ಪ್ಲಾಸ್ಟಿಕ್ ಒಂದರಲ್ಲೇ ಹತ್ತು ಬಗೆ ಹೇಳಿ, ಹಾಲಿನ ಕವರ್ ಬೇರೆ, ಎಣ್ಣೆ ಕವರ್ ಬೇರೆ ಯಾಕೆ ಅಂತ ತೋರಿಸಿದಳು. ಆಮೇಲೆ ನಮ್ಮ ಲ್ಯಾಪ್‌ಟಾಪಿನಲ್ಲಿದ್ದ ಮಾದರಿ ಫೋಟೋಗಳನ್ನು ನೋಡಿ, "ಇದೇನಪ್ಪ, ಎರಡನ್ನೂ ಒಂದೇ ಕಡೆ ಹಾಕಿದೀರ" ಅಂದಳು.