ಕಲಕುವುದರಲ್ಲೂ ವಿಜ್ಞಾನ ಇದೆ!

ಕುದಿಯುವ ಎಸರಿಗೆ ರಾಗಿ ಹಿಟ್ಟು ಹಾಕಿ ಸರಿಯಾಗಿ ತಿರುವದಿದ್ದರೆ ಏನಾಗುತ್ತೆ? ಮುದ್ದೆಯಲ್ಲಿ ಗಂಟು! ಒಡೆದು ನೋಡಿದರೆ ಒಳಗೆ ಹಸಿ ಹಿಟ್ಟು ಹಾಗೇ ಇರುತ್ತೆ. ಕಾಂಪೋಸಿಟ್ ಎಂಬ ವಸ್ತುವನ್ನು ಎರಕ ಹೊಯ್ಯುವವರಿಗೂ ಇದೇ ತೊಂದರೆ.

ಕಾಂಪೋಸಿಟ್ ಎಂದರೇನು?
ಅಲ್ಯೂಮಿನಿಯಂ ಹಗುರ, ಆದರೆ ಬೇಗ ಸವೆಯುತ್ತದೆ. ಸಾಣೆಚಕ್ರದಲ್ಲಿ ಬಳಸುವ ಸಿಲಿಕಾನ್ ಕಾರ್ಬೈಡ್ ಪುಡಿ ಬಹಳ ಗಟ್ಟಿ. ಎರಡನ್ನೂ ಸೇರಿಸಿದರೆ ಪಿಸ್ಟನ್, ಬ್ರೇಕ್ ಡಿಸ್ಕ್‌ಗಳಿಗೆ ಬೇಕಾದ, ಹಗುರವಾದ ಆದರೆ ಬೇಗ ಸವೆಯದ ವಸ್ತು ಸಿಗುತ್ತದೆ. ಈ ಪುಡಿ ನೀರಿನಲ್ಲಿ ಉಪ್ಪು ಕರಗಿದಂತೆ ಕರಗುವುದಿಲ್ಲ. ನೀರಿನಲ್ಲಿ ಮರಳು ಇದ್ದಂತೆ ಕಣವಾಗಿಯೇ ಉಳಿಯುತ್ತದೆ. ಅದಕ್ಕೇ ಕಲಕಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದುಡಿದ ಎಂ.ಕೆ. ಸೂರಪ್ಪ ಮತ್ತು ಪಿ.ಕೆ. ರೋಹಟ್ಗಿ ಅವರು ಇಂಥ ವಸ್ತುಗಳ ಬಗ್ಗೆ 1981ರಲ್ಲಿ ಸಂಶೋಧನಾ ಲೇಖನ ಪ್ರಕಟಿಸಿದರು.

ಮಾಡುವ ವಿಧಾನ
ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಮೂಸೆಯಲ್ಲಿ ಅದನ್ನು ಸುಮಾರು 700ರಿಂದ 750 ಡಿಗ್ರಿವರೆಗೆ ಕಾಯಿಸುತ್ತಾರೆ. ತಿರುಗುವ ರೆಕ್ಕೆಯಿಂದ ಕಲಕಿ ಸುಳಿ ಎಬ್ಬಿಸಿ, ಪುಡಿಯನ್ನು ಸ್ವಲ್ಪ ಸ್ವಲ್ಪವಾಗಿ ಸುಳಿಗೆ ಬಿಡುತ್ತಾರೆ. ಆಮೇಲೆ ಅಚ್ಚಿಗೆ ಹೊಯ್ಯುತ್ತಾರೆ.

ನೆನಪಿಡಬೇಕಾದ ಅಂಶಗಳು
1. ತೀರಾ ನಿಧಾನ ಕಲಕಿದರೆ ಪುಡಿ ಗಂಟು ಕಟ್ಟುತ್ತದೆ. ಕರಗಿದ ಲೋಹಕ್ಕಿಂತ ಭಾರವಾದ್ದರಿಂದ ತಳಕ್ಕೂ ಇಳಿಯುತ್ತದೆ.
2. ತೀರಾ ಜೋರಾಗಿ ಕಲಕಿದರೆ ಸುಳಿಯು ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಎರಕದಲ್ಲಿ ಸಣ್ಣ ಸಣ್ಣ ತೂತು ಉಳಿಯುತ್ತವೆ. ಅನೇಕ ಪ್ರಯೋಗಗಳಲ್ಲಿ ನಿಮಿಷಕ್ಕೆ 300ರಿಂದ 600 ಸುತ್ತು ಇಟ್ಟುಕೊಳ್ಳುತ್ತಾರೆ.
3. ಸ್ವಲ್ಪವೇ ಹೊತ್ತು ಕಲಕಿದರೆ ಪುಡಿ ಎಲ್ಲಾ ಕಡೆ ಹರಡುವುದಿಲ್ಲ. ವಿಪರೀತ ಹೊತ್ತು ಕಲಕಿದರೆ ಗಾಳಿಯೂ ಆಕ್ಸೈಡ್ ಪೊರೆಯೂ ಸೇರುತ್ತವೆ.
4. ಪುಡಿಯನ್ನು ಮೊದಲೇ ಕಾಯಿಸಿ ತೇವ ತೆಗೆಯಬೇಕು.
5. ಕೆಸುವಿನ ಎಲೆಗೆ ನೀರು ಅಂಟದ ಹಾಗೆ, ಕರಗಿದ ಅಲ್ಯೂಮಿನಿಯಂ ಪುಡಿಗೆ ಸುಲಭವಾಗಿ ಅಂಟಲ್ಲ. ಅಂಟಲಿ ಅಂತ ಸ್ವಲ್ಪ ಮೆಗ್ನೀಸಿಯಂ ಹಾಕುತ್ತಾರೆ.
6. ಕಲಕುವುದು ನಿಂತ ಮೇಲೆ ತಡ ಮಾಡದೆ ಹೊಯ್ಯಬೇಕು.

ನೀವೇ ಮಾಡಿ ನೋಡಿ
ಗಾಜಿನ ಲೋಟದ ನೀರಿಗೆ ಒಂದು ಚಮಚ ಮರಳು ಹಾಕಿ. ನಿಧಾನ ಕಲಕಿ: ಮರಳು ತಳದಲ್ಲೇ ಇರುತ್ತೆ. ಜೋರಾಗಿ ಕಲಕಿ: ಮರಳು ಮೇಲೇಳುತ್ತೆ, ನಡುವೆ ಸುಳಿ ಬೀಳುತ್ತೆ. ಇನ್ನೂ ಜೋರಾದರೆ ಗುಳ್ಳೆಗಳು ಬರುತ್ತವೆ. ನಿಲ್ಲಿಸಿ: ಮರಳು ಮತ್ತೆ ತಳಕ್ಕೆ!

ಒಂದು ಲೆಕ್ಕ
ಒಳಗಿನ ತೂತು ಹೊರಗೆ ಕಾಣಲ್ಲ. ಹಾಗಾದರೆ ಕಂಡುಹಿಡಿಯುವುದು ಹೇಗೆ? ಸಾಂದ್ರತೆಯಿಂದ. ಗಾತ್ರದಲ್ಲಿ 90 ಭಾಗ ಅಲ್ಯೂಮಿನಿಯಂ (2.7), 10 ಭಾಗ ಪುಡಿ (3.2) ಇದ್ದರೆ ಸಾಂದ್ರತೆ 2.43 + 0.32 = 2.75 ಬರಬೇಕು. ಆರ್ಕಿಮಿಡೀಸ್ ವಿಧಾನದಲ್ಲಿ ಅಳೆದಾಗ 2.64 ಮಾತ್ರ ಬಂದರೆ? ಕೊರತೆ 0.11. ಅಂದರೆ ನೂರಕ್ಕೆ 4 ಭಾಗ ಬರೀ ತೂತು!

ಮುದ್ದೆಯಲ್ಲಿ ಗಂಟಿದ್ದರೆ ತೆಗೆದು ಪಕ್ಕಕ್ಕಿಡಬಹುದು. ಬ್ರೇಕ್ ಡಿಸ್ಕ್‌ನಲ್ಲಿ ಗಂಟೋ ತೂತೋ ಇದ್ದರೆ ಬಿರುಕು ಅಲ್ಲಿಂದಲೇ ಶುರುವಾಗಬಹುದು. ಗಾಡಿಯಲ್ಲಿ ಕೂತವರ ಜೀವ ಆ ಬ್ರೇಕಿನ ಮೇಲಿದೆ. ಆದ್ದರಿಂದ ಎರಕದ ಗುಣ ಪುಡಿಯಿಂದ ಮಾತ್ರ ಬರುವುದಿಲ್ಲ, ಹದವಾಗಿ ಕಲಕುವುದರಿಂದಲೂ ಬರುತ್ತದೆ.

ಪ್ರಶ್ನೆ: ಅಳೆದ ಸಾಂದ್ರತೆ 2.695 ಬಂದರೆ ತೂತು ನೂರಕ್ಕೆ ಎಷ್ಟು ಭಾಗ? ಲೆಕ್ಕ ಮಾಡಿ ವಿಜ್ಞಾನ ಮೇಷ್ಟ್ರಿಗೆ ತೋರಿಸಿ.