ಅತಿವೃಷ್ಟಿ: ಬೀದರ್, ಭಾಲ್ಕಿ, ಔರಾದ್ ಬೆಳೆಗಳ ಮೇಲಿನ ಪರಿಣಾಮ

24 ಗಂಟೆಯಲ್ಲಿ 64.5 ಮಿ.ಮೀ. ಮುಟ್ಟಿದರೆ ಭಾರಿ ಮಳೆ, 204.4 ಮಿ.ಮೀ. ಮೀರಿದರೆ ಅತ್ಯಂತ ಭಾರಿ ಮಳೆ. ಇದು ಭಾರತೀಯ ಹವಾಮಾನ ಇಲಾಖೆಯ ಅಳತೆ. ಆದರೆ ಬೆಳೆಯ ಗತಿಯನ್ನು ಮಿಲಿಮೀಟರಿನಷ್ಟೇ ಮಣ್ಣೂ ನಿರ್ಧರಿಸುತ್ತದೆ. ಬೀದರ್ ನಗರ ಕೂತಿರುವುದು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲೆ. ಅಲ್ಲಿ ನೀರು ಬೇಗ ಬಸಿದುಹೋಗುತ್ತದೆ. ಭಾಲ್ಕಿ, ಔರಾದ್ ಕಡೆಯ ಎರೆ ಹೊಲದಲ್ಲಿ ಹಾಗಲ್ಲ: ಜೇಡಿ ಉಬ್ಬಿ, ಬಿರುಕು ಮುಚ್ಚಿ, ನೀರು ದಿನಗಟ್ಟಲೆ ನಿಲ್ಲುತ್ತದೆ. ಬೇರಿಗೆ ಆಮ್ಲಜನಕ ಸಿಗದು. ಬೇರುಗಂಟಿನ ರೈಜೋಬಿಯಂ ಬ್ಯಾಕ್ಟೀರಿಯಾ ಸಾರಜನಕ ಹಿಡಿಯುವುದು ಕುಂಠಿತವಾಗುತ್ತದೆ. ತೊಗರಿ, ಸೋಯಾ ಎಲೆ ಹಳದಿಗೆ ತಿರುಗಲು ಇದೇ ಮುಖ್ಯ ಕಾರಣ, ಪ್ರತಿ ಬಾರಿಯೂ ರೋಗವಲ್ಲ. ಹೆಸರು, ಉದ್ದು ರಾಶಿಗೆ ಬರುವ ಆಗಸ್ಟ್‌ನಲ್ಲೇ ಮಳೆ ಹಿಡಿದರೆ ಗಿಡದ ಮೇಲಿನ ಕಾಯಿಯಲ್ಲೇ ಕಾಳು ಮೊಳಕೆಯೊಡೆಯುತ್ತದೆ.

2025ರ ಆಗಸ್ಟ್‌–ಸೆಪ್ಟೆಂಬರ್‌ನಲ್ಲಿ ಸ್ಥಳೀಯ ಮಳೆಯ ಜೊತೆ ಮಹಾರಾಷ್ಟ್ರದ ಜಲಾಶಯಗಳಿಂದ ಬಿಟ್ಟ ನೀರೂ ಸೇರಿ ಮಾಂಜ್ರಾ ನದಿ ಉಕ್ಕಿತು. ಮಾಂಜ್ರಾ ಗೋದಾವರಿಯ ಉಪನದಿ, ಕಾರಂಜಾ ಮಾಂಜ್ರಾದ ಉಪನದಿ. ಕಾರಂಜಾ ಜಲಾಶಯವಿರುವುದು ಭಾಲ್ಕಿ ತಾಲ್ಲೂಕಿನಲ್ಲಿ. ಆ ವರ್ಷ ಬೆಳೆ ಹಾನಿಗೆ ರಾಜ್ಯ ಸರ್ಕಾರ ರಾಷ್ಟ್ರೀಯ ವಿಪತ್ತು ಸ್ಪಂದನಾ ನಿಧಿಯ (ಎನ್‌ಡಿಆರ್‌ಎಫ್) ದರದ ಮೇಲೆ ಹೆಕ್ಟೇರಿಗೆ 8,500 ರೂ. ಹೆಚ್ಚುವರಿ ಪರಿಹಾರ ಪ್ರಕಟಿಸಿತು. ಖುಷ್ಕಿ ಬೆಳೆಗೆ ಒಟ್ಟು 17,000 ರೂ., ನೀರಾವರಿ ಬೆಳೆಗೆ 25,500 ರೂ.